ಕಾಗೆ, ಗುಬ್ಬಿ ಮತ್ತು ದೊಡ್ಡ ಕಣಜ: ಸುಗ್ಗಿ ಹಬ್ಬಕ್ಕೆ ಹಳೆಯ ಗೊಂಬೆಯಾಟವನ್ನು ಹೊಂದಿಸುವ ಬಗೆ

ಕಾಗೆ ಗುಬ್ಬಿಯ ಕಥೆ ಗೊತ್ತಿಲ್ಲದ ಮಗು ನಮ್ಮ ಕೋಲಾರದ ಕಡೆ ಸಿಗುವುದು ಕಷ್ಟ. ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಕಲ್ಲಿನ ಮನೆ. ಮಳೆ ಬಂದು ಕಾಗೆಯ ಮನೆ ಕೊಚ್ಚಿಕೊಂಡು ಹೋಗುತ್ತದೆ. ಅದು ಬಂದು ಬಾಗಿಲು ತಟ್ಟಿದರೆ ಗುಬ್ಬಿ ಒಂದೊಂದೇ ನೆಪ ಹೇಳುತ್ತದೆ. ಶಾಲೆಗೆಂದು ಮಾಡಿಟ್ಟ ಈ ಗೊಂಬೆಯಾಟವನ್ನು ನಮ್ಮ ಕ್ರೈಸ್ತ ಸಭೆಯ ಸುಗ್ಗಿ ಹಬ್ಬದಲ್ಲಿ ಆಡಿಸೋಣ ಎಂದಾಗ ಬಹಳ ಮಂದಿ ಮಾಡುವುದು ಇಷ್ಟೇ: ಆಟವನ್ನು ಇದ್ದ ಹಾಗೆಯೇ ಬಿಟ್ಟು, ಕೊನೆಗೆ ಗುಬ್ಬಿಯ ಬಾಯಿಂದ ಬೈಬಲಿನ ಒಂದು ವಚನ ಹೇಳಿಸುವುದು. ಅಲ್ಲಿಯವರೆಗೂ ಕಾಗೆಯನ್ನು ಮಳೆಯಲ್ಲಿ ನೆನೆಸಿದ ಗುಬ್ಬಿ ಇದ್ದಕ್ಕಿದ್ದಂತೆ ದೇವರ ಕೃಪೆಯ ಮಾತಾಡತೊಡಗಿದರೆ ಮುಂದಿನ ಸಾಲಿನ ಮಕ್ಕಳೇ ನಗುತ್ತಾರೆ. ವಚನ ಅಂಟಿಸುವ ಕೆಲಸ ಬಿಡಿ. ಆ ನೆಪಗಳನ್ನು ಗುಬ್ಬಿಯ ಬಾಯಿಂದ ತೆಗೆದು ಬೇರೆಯವರ ಬಾಯಿಗೆ ಹಾಕಿ. ಆಟ ತಾನಾಗಿ ಸುಗ್ಗಿ ಹಬ್ಬದ್ದಾಗುತ್ತದೆ.

ಯಾರ ಬಾಯಿಗೆ ಎಂಬುದಕ್ಕೆ ಲೂಕನ ಸುವಾರ್ತೆಯ 12ನೇ ಅಧ್ಯಾಯ ತೆರೆಯಿರಿ. ಆರನೆಯ ವಚನದಲ್ಲಿ ಎರಡು ದುಡ್ಡಿಗೆ ಮಾರಾಟವಾಗುವ ಐದು ಗುಬ್ಬಿಗಳಿವೆ. ಇಪ್ಪತ್ನಾಲ್ಕನೆಯದರಲ್ಲಿ ಬಿತ್ತದ, ಕೊಯ್ಯದ, ಕಣಜವಿಲ್ಲದ ಕಾಗೆಗಳಿವೆ. ಇವೆರಡರ ನಡುವೆ, ಹದಿನಾರರಿಂದ ಇಪ್ಪತ್ತೊಂದರವರೆಗೆ, ಬೆಳೆ ಹೆಚ್ಚಾಯಿತೆಂದು ಹಳೆಯ ಕಣಜ ಕೆಡವಿ ದೊಡ್ಡದನ್ನು ಕಟ್ಟಿಸಲು ಹೊರಟ ಐಶ್ವರ್ಯವಂತನಿದ್ದಾನೆ. ನಮ್ಮ ಎರಡು ಹಳೆಯ ಗೊಂಬೆಗಳ ಜೊತೆಗೆ ಬೇಕಾದ ಮೂರನೆಯ ಗೊಂಬೆ ಅಲ್ಲೇ ಕೂತಿದೆ. ಅವನನ್ನು ಸಾಹುಕಾರ ಎಂದರೆ ಸಾಕು.

ಆಟದ ಓಟ ಹೀಗಿರಲಿ. ಮಳೆ ಬರುವವರೆಗೆ ಏನನ್ನೂ ಬದಲಿಸಬೇಡಿ. ಕಾಗೆ ಹೋಗಿ ಗುಬ್ಬಿಯ ಬಾಗಿಲು ತಟ್ಟುತ್ತದೆ. ಕಥೆ ಬಲ್ಲ ಮಕ್ಕಳು ಕೆಳಗಿನಿಂದಲೇ ‘ತಾಳು, ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ’ ಎಂದು ಕೂಗತೊಡಗುತ್ತಾರೆ. ಕೂಗಲಿ, ತಡೆಯಬೇಡಿ. ಅವರು ಕೂಗುತ್ತಿರುವಾಗಲೇ ಗುಬ್ಬಿ ಬಾಗಿಲು ತೆರೆದು ‘ಬಾ ಅಕ್ಕಾ, ಒಳಗೆ ಬಾ’ ಎನ್ನಬೇಕು. ಅಂಗಳ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಗುಬ್ಬಿಯ ಮನೆಯಲ್ಲಿ ಬೆಚ್ಚಗಿದೆ, ಆದರೆ ಕಾಳಿಲ್ಲ. ಇಬ್ಬರೂ ಸೇರಿ ಸಾಹುಕಾರನ ಕಣಜಕ್ಕೆ ಹೋಗಿ ತಟ್ಟುತ್ತಾರೆ. ಈಗ ನೆಪಗಳೆಲ್ಲ ಅವನವು: ‘ತಾಳಿ, ಚೀಲ ಎಣಿಸುತ್ತಿದ್ದೇನೆ.’ ‘ತಾಳಿ, ಲೆಕ್ಕ ಬರೆಯುತ್ತಿದ್ದೇನೆ.’ ‘ತಾಳಿ, ಈ ಕಣಜ ಸಾಲದು, ದೊಡ್ಡದು ಕಟ್ಟಿಸುತ್ತಿದ್ದೇನೆ.’ ಹಳೆಯ ರಾಗವನ್ನೇ ಉಳಿಸಿಕೊಳ್ಳಿ, ಮಕ್ಕಳಿಗೆ ಅದನ್ನು ಕಲಿಸುವ ಕೆಲಸ ತಪ್ಪುತ್ತದೆ.

ಇನ್ನು ಕಣಜ. ಇಡೀ ಆಟ ನಿಂತಿರುವುದು ಇದರ ಮೇಲೆ, ಆದ್ದರಿಂದ ಇದಕ್ಕೆ ಸಮಯ ಕೊಡಿ. ರಟ್ಟಿನ ಮೂರು ಪೆಟ್ಟಿಗೆ ಬೇಕು: ಬಿಸ್ಕತ್ತಿನದೊಂದು, ಮಿಕ್ಸಿಯದೊಂದು, ಟಿ.ವಿ.ಯದೊಂದು. ಪೆಟ್ಟಿಗೆಯ ಮುಂಭಾಗ ಮಾತ್ರ ಸಾಕು. ಅದಕ್ಕೆ ಕೆಮ್ಮಣ್ಣು ಬಳಿದು, ಮೇಲೆ ಒಣಹುಲ್ಲಿನ ಮಾಡು ಅಂಟಿಸಿ, ಹಿಂದೆ ಹಿಡಿಯಲು ಒಂದು ಬಿದಿರಿನ ಕಡ್ಡಿ ಕಟ್ಟಿ. ಮೊದಲ ಕಣಜ ಸಾಹುಕಾರನ ಮೊಣಕಾಲಿಗೆ ಬರುತ್ತದೆ. ಪ್ರತಿ ನೆಪಕ್ಕೂ ಒಂದು ಕಣಜ ಕೆಳಗಿಳಿದು ಅದಕ್ಕಿಂತ ದೊಡ್ಡದು ಮೇಲೇಳುತ್ತದೆ. ಎರಡನೆಯದರ ಹಿಂದೆ ಅವನ ರುಮಾಲು ಮಾತ್ರ ಕಾಣುತ್ತದೆ. ಮೂರನೆಯದು ಅವನನ್ನು ಪೂರ್ತಿ ಮುಚ್ಚಿಬಿಡುತ್ತದೆ. ಆಮೇಲೆ ಬರುವುದು ಬರಿಯ ದನಿ: ಉಣ್ಣುತ್ತೇನೆ, ಕುಡಿಯುತ್ತೇನೆ, ಸುಖವಾಗಿರುತ್ತೇನೆ. ನಂತರ ಗೊರಕೆ. ನಂತರ ಗೊರಕೆಯೂ ನಿಲ್ಲುತ್ತದೆ.

ಲೂಕನಲ್ಲಿರುವ ಸಾಮ್ಯದಲ್ಲಿ, ಅಂದರೆ ಯೇಸು ಹೇಳಿದ ಆ ನೀತಿಕಥೆಯಲ್ಲಿ, ಆ ಮನುಷ್ಯ ಅದೇ ರಾತ್ರಿ ಸಾಯುತ್ತಾನೆ. ಚಿಕ್ಕ ಮಕ್ಕಳೆದುರು ಅದನ್ನು ತೋರಿಸುವುದು ಹೇಗೆಂಬ ಪ್ರಶ್ನೆಗೆ ಈ ಮೂರನೆಯ ಪೆಟ್ಟಿಗೆಯೇ ಉತ್ತರ. ಗೊಂಬೆಯನ್ನು ಮಲಗಿಸಿ ಬಿಳಿ ಬಟ್ಟೆ ಹೊದಿಸಬೇಡಿ. ಮೈಕಿಗೆ ಪ್ರತಿಧ್ವನಿ ಕೊಟ್ಟು ಆಕಾಶವಾಣಿ ಹೊರಡಿಸಬೇಡಿ, ಮೂರು ವರ್ಷದವರು ಕಿರುಚಿ ಅಳುತ್ತಾರೆ. ಸಭೆಯ ಹಿರಿಯರಲ್ಲಿ ಯಾರಾದರೊಬ್ಬರು ‘ಸಾಹುಕಾರ ಪಶ್ಚಾತ್ತಾಪಪಟ್ಟು ರಾಗಿ ಹಂಚಲಿ’ ಎನ್ನುವುದು ಖಚಿತ. ಒಳ್ಳೆಯ ಮನಸ್ಸಿನ ಮಾತೇ, ಆದರೆ ಅದು ಬೇರೆ ಕಥೆ. ಇಲ್ಲಿ ಹಕ್ಕಿಗಳೆರಡೂ ಕಣಜದ ಅತ್ತಿತ್ತ ಇಣುಕಿ, ಸಾಮ್ಯದಲ್ಲೇ ಇರುವ ಪ್ರಶ್ನೆಯನ್ನು ಮಕ್ಕಳತ್ತ ತಿರುಗಿ ಕೇಳಲಿ: ‘ಹಾಗಾದರೆ ಇಷ್ಟೂ ರಾಗಿ ಈಗ ಯಾರದು?’ ಉತ್ತರವನ್ನು ನೀವು ಬರೆಯಬೇಡಿ. ಮಕ್ಕಳು ಕೂಗಿ ಹೇಳುವುದು ನಿಮ್ಮ ಬರವಣಿಗೆಗಿಂತ ಚೆನ್ನಾಗಿರುತ್ತದೆ.

ಹಳೆಯ ಆಟದಿಂದ ಕಿತ್ತು ಹಾಕಬೇಕಾದವು ಕೆಲವಿವೆ. ಕಾಗೆಯ ಬಣ್ಣ ಹಿಡಿದು ಆಡಿಸುವ ಮಾತುಗಳು ಒಂದೂ ಬೇಡ. ಆಟ ಮುಗಿದ ಮೇಲೆ ಆ ಹೆಸರು ಯಾವುದೋ ಮಗುವಿಗೆ ಅಂಟಿಕೊಳ್ಳುತ್ತದೆ. ಕಾಗೆಗೆ ಬರೆ ಹಾಕುವ ಕೊನೆಯೂ ಬೇಡ. ಕಾಗೆಗೆ ಎಡೆ ಇಡುವುದರ ಬಗ್ಗೆ ಹಾಸ್ಯವಿದ್ದರೆ ಅದನ್ನೂ ತೆಗೆಯಿರಿ. ನಮ್ಮ ಹಬ್ಬ ಬರುವುದು ಪಿತೃಪಕ್ಷ ಕಳೆದ ಸ್ವಲ್ಪ ದಿನಕ್ಕೆ, ಕಾಣಿಕೆಯ ಬೆಳೆಯ ಹರಾಜಿಗೆ ಅಕ್ಕಪಕ್ಕದ ಬೀದಿಯವರೆಲ್ಲ ಬಂದಿರುತ್ತಾರೆ, ಅವರ ಮನೆಯಲ್ಲಿ ಆಗಷ್ಟೇ ಕಾಗೆಗೆ ಅನ್ನ ಇಟ್ಟಿರುತ್ತಾರೆ. ಸಾಹುಕಾರನಿಗೆ ಊರಿನ ಯಾರ ಚಹರೆಯೂ ಬರದಿರಲಿ. ಸಭೆಯ ಖಜಾಂಚಿಯವರ ಕನ್ನಡಕದಂಥದ್ದೇ ಕನ್ನಡಕ ಹಾಕಿದರೆ ಆ ದಿನ ಭಾರಿ ನಗು, ಮುಂದಿನ ವಾರ ಕಮಿಟಿ ಸಭೆ.

ಹಾಸ್ಯ ಬೇಕೇ ಬೇಕು, ಅದಕ್ಕೆ ದಾರಿ ನಮ್ಮ ತೊಗಲು ಗೊಂಬೆಯಾಟದಲ್ಲಿಯೇ ಇದೆ. ರಾಮಾಯಣದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ನಗಿಸುವ ಗೊಂಬೆಗಳು ಬಂದು ಇಂದಿನ ಊರಿನ ಮಾತಾಡಿ ಹೋಗುತ್ತಾರಲ್ಲ, ಆ ಕೆಲಸವನ್ನು ಕಾಗೆಗೆ ಕೊಡಿ. ಊರೂರು ಹಾರುವ ಹಕ್ಕಿ, ಸುದ್ದಿ ತರಲು ಅದಕ್ಕಿಂತ ತಕ್ಕವರಿಲ್ಲ. ಕೋಲಾರದ ಮಾರುಕಟ್ಟೆಯಲ್ಲಿ ಆ ವಾರ 15 ಕೆ.ಜಿ. ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಯಿತೆಂದು ಕಾಗೆ ಹೇಳಲಿ. ಆ ವಾರದ್ದೇ ಬೆಲೆ ಇರಬೇಕು. 2023ರ ಜುಲೈನಲ್ಲಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗಿನ ನಗೆಹನಿಯನ್ನು, ಹಣ್ಣನ್ನು ರಸ್ತೆಗೆ ಸುರಿಯುವ ವರ್ಷ ಹೇಳಿದರೆ ಬೆಳೆದವರಿಗೆ ಉರಿಯುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಾದರೆ ಕಾಗೆ ನಡುನಡುವೆ ತೆಲುಗಿನಲ್ಲಿ ಗೊಣಗಲಿ. ಕೇಳುವವರ ಮನೆಮಾತೇ ಅದು.

ಗೊಂಬೆ ಮಾಡಲು ಖರ್ಚಿಲ್ಲ. ಕಾಗೆಗೆ ಶಾಲೆಯ ಹಳೆಯ ಕಪ್ಪು ಕಾಲುಚೀಲ, ಗುಬ್ಬಿಗೆ ಕಂದು ಬಣ್ಣದ್ದು. ಶೂ ಡಬ್ಬಿಯ ರಟ್ಟನ್ನು ಮಡಿಸಿ ಕೊಕ್ಕು ಮಾಡಿ ಫೆವಿಕಾಲ್ ಹಾಕಿ ಒಂದು ರಾತ್ರಿ ಒಣಗಿಸಿ. ಕಣ್ಣಿಗೆ ಬಿಳಿ ಗುಂಡಿ. ಸಾಹುಕಾರನ ತಲೆಗೆ ಹಳೆಯ ಟೆನಿಸ್ ಚೆಂಡಿನಲ್ಲಿ ತೋರುಬೆರಳು ಹೋಗುವಷ್ಟು ತೂತು, ಮೈಗೆ ಅಂಗಿಯ ತೋಳು.

ಕಷ್ಟವಿರುವುದು ಆಡಿಸುವುದರಲ್ಲಿ. ಮಕ್ಕಳು ಮಾತಾಡಿಸುವಾಗ ಮೇಲಿನ ನಾಲ್ಕು ಬೆರಳು ಎತ್ತುತ್ತಾರೆ, ಗೊಂಬೆಯ ತಲೆ ಹಿಂದಕ್ಕೆ ವಾಲಿ ಆಕಳಿಸಿದಂತೆ ಕಾಣುತ್ತದೆ. ಹೆಬ್ಬೆರಳನ್ನು ಕೆಳಕ್ಕೆ ಇಳಿಸುವುದು ಕಲಿಸಿ. ಮಣಿಕಟ್ಟು ಸ್ವಲ್ಪ ಮುಂದಕ್ಕೆ ಬಾಗಿರಲಿ, ಇಲ್ಲದಿದ್ದರೆ ಗೊಂಬೆ ಜನರನ್ನು ಬಿಟ್ಟು ಸೂರನ್ನು ನೋಡುತ್ತದೆ. ಒಳಗೆ ಬರುವಾಗ ಮೆಟ್ಟಿಲು ಹತ್ತಿದಂತೆ ಮೂರು ಹೆಜ್ಜೆಯಲ್ಲಿ ಏಳಬೇಕು. ಕೈ ಎತ್ತಿ ಹಿಡಿದರೆ ಐದಾರು ನಿಮಿಷಕ್ಕೆ ತೋಳು ಸೋಲುತ್ತದೆ, ಆಗ ಗೊಂಬೆ ಮುಳುಗುತ್ತಾ ಹೋಗುತ್ತದೆ. ಅದಕ್ಕೇ ಒಂದು ಗೊಂಬೆಗೆ ಇಬ್ಬರು ಮಕ್ಕಳು, ಮಳೆಯ ಹೊತ್ತಿಗೆ ಅದಲು ಬದಲು. ಎಲ್ಲರೂ ಹೆಚ್ಚುಕಡಿಮೆ ಒಂದೇ ಎತ್ತರದವರಾಗಿರಲಿ. ಎರಡು ಕಂಬಕ್ಕೆ ಹಗ್ಗ ಕಟ್ಟಿ ದಪ್ಪ ಜಮಖಾನ ಇಳಿಬಿಡಿ, ಅದರ ಅಂಚು ಎತ್ತರದ ಮಗುವಿನ ನೆತ್ತಿಗಿಂತ ನಾಲ್ಕು ಬೆರಳು ಮೇಲಿರಲಿ. ತೆಳು ಸೀರೆಯಾದರೆ ಹಿಂದಿನ ಬೆಳಕಿಗೆ ಮಕ್ಕಳೆಲ್ಲ ಕಾಣುತ್ತಾರೆ.

ಮಳೆಯ ಸದ್ದಿಗೆ ಮೊಬೈಲ್ ಬೇಡ. ಮೊರದಲ್ಲಿ ಒಂದು ಸೇರು ರಾಗಿ ಹಾಕಿ, ಮೈಕಿನಿಂದ ಗೇಣು ದೂರ ಹಿಡಿದು, ಮೊರವನ್ನು ನಿಧಾನ ಓಲಾಡಿಸಿ. ಮೊದಲು ಜಿನುಗು, ವೇಗ ಹೆಚ್ಚಿಸಿದರೆ ಜಡಿಮಳೆ, ಅಂಚಿಗೆ ತಟ್ಟಿದರೆ ಗಾಳಿ ಸಹಿತ. ನಿಜವಾದ ಮಳೆಗೂ ಸಿದ್ಧರಿರಿ. ಅಕ್ಟೋಬರ್, ನವೆಂಬರ್ ಎಂದರೆ ಹಿಂಗಾರು, ಅಂಗಳದಲ್ಲಿ ಶಾಮಿಯಾನ ಹಾಕಿದ್ದರೂ ರಟ್ಟಿನ ಕಣಜಗಳನ್ನು ದೇವಾಲಯದ ಜಗುಲಿಯಲ್ಲಿಯೇ ಇಟ್ಟಿರಿ.

ಆಟ ಹನ್ನೆರಡು ನಿಮಿಷ ಮೀರದಿರಲಿ. ಸಭಾಪಾಲಕರ ಪ್ರಸಂಗ ಮುಗಿದು, ಬೆಳೆಯ ಕಾಣಿಕೆ ತರುವ ಮುನ್ನ ಇಟ್ಟುಕೊಳ್ಳಿ. ‘ರಾಗಿ ಯಾರದು’ ಎಂಬ ಪ್ರಶ್ನೆಯ ಬೆನ್ನಿಗೇ ಸಂಡೇ ಸ್ಕೂಲ್ ಮಕ್ಕಳು ಸೇರು, ಮೊರ ಹಿಡಿದು ಮುಂದೆ ನಡೆಯಬಹುದು. ಊಟದ ನಂತರ ಬೇಡ, ಹಿರಿಯರು ನಿದ್ದೆ ಹೋಗುತ್ತಾರೆ. ಹರಾಜಿನ ನಂತರವಂತೂ ಬೇಡವೇ ಬೇಡ: ಕುಂಬಳಕಾಯಿ ಕೂಗುವವರ ಕೈಗೆ ಒಮ್ಮೆ ಹೋದ ಮೈಕು ಸಂಜೆಯವರೆಗೂ ಮರಳುವುದಿಲ್ಲ.