ಭಿನ್ನರಾಶಿಯ ಹೇಳಿಕೆ ಲೆಕ್ಕ: ಕೂಡಬೇಕೋ, ಕಳೆಯಬೇಕೋ?

3/4 + 5/6 ಎಂದು ಬೋರ್ಡಿನ ಮೇಲೆ ಬರೆದುಕೊಟ್ಟರೆ ಮಕ್ಕಳು ಹೇಗೋ ಮಾಡಿ ಮುಗಿಸುತ್ತಾರೆ. ಅದನ್ನೇ ಮೂರು ಸಾಲಿನ ಹೇಳಿಕೆಯಾಗಿ ಕೊಟ್ಟು ನೋಡಿ, ಪೆನ್ಸಿಲ್ ಕಚ್ಚುತ್ತಾ ಕೂರುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ: ‘ಇದು ಕೂಡೋದಾ, ಕಳೆಯೋದಾ?’ ತೊಡಕಿರುವುದೇ ಅಲ್ಲಿ. ಆದ್ದರಿಂದ ಲೆಕ್ಕ ಮಾಡುವುದಕ್ಕಿಂತ ಮುಂಚೆ ಲೆಕ್ಕ ಓದುವುದನ್ನು ನೋಡೋಣ.

ಬರವಣಿಗೆಯ ಬಗ್ಗೆ ಒಂದು ಮಾತು. ಇಲ್ಲಿ 2 3/4 ಎಂದರೆ ಎರಡೂ ಮುಕ್ಕಾಲು. ಪೂರ್ಣಸಂಖ್ಯೆಯ ಪಕ್ಕದಲ್ಲಿ ಭಿನ್ನರಾಶಿ ಕೂತಿದ್ದರೆ ಅದು ಮಿಶ್ರ ಭಿನ್ನರಾಶಿ.

ಹಂತ 1: ಸುಲಭದ ಅಂಕಿ ಹಾಕಿ ಓದಿ

ಈ ಲೆಕ್ಕ ನೋಡಿ. ಕೆಂಪು ಹಗ್ಗದ ಉದ್ದ 5 1/4 ಮೀಟರ್. ಅದು ನೀಲಿ ಹಗ್ಗಕ್ಕಿಂತ 1 2/3 ಮೀಟರ್ ಹೆಚ್ಚು ಉದ್ದ ಇದೆ. ನೀಲಿ ಹಗ್ಗದ ಉದ್ದ ಎಷ್ಟು?

‘ಹೆಚ್ಚು’ ಎಂಬ ಪದ ಕಂಡ ಕೂಡಲೇ ಕೂಡಿಬಿಡುವವರು ಬಹಳ ಮಂದಿ. ಉತ್ತರ 6 11/12 ಮೀಟರ್ ಬರುತ್ತದೆ. ಅಂದರೆ ಗಿಡ್ಡ ಹಗ್ಗವೇ ಉದ್ದದ ಹಗ್ಗಕ್ಕಿಂತ ಉದ್ದವಾಯಿತು! ‘ಒಟ್ಟು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ’ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅದು ಕೈಕೊಡುವುದು ಇಂಥ ಕಡೆಯೇ.

ಬದಲಿಗೆ ಭಿನ್ನರಾಶಿಗಳ ಜಾಗದಲ್ಲಿ ಚಿಕ್ಕ ಪೂರ್ಣಸಂಖ್ಯೆ ಇಟ್ಟು ಇನ್ನೊಮ್ಮೆ ಓದಿ. ಕೆಂಪು ಹಗ್ಗ 5 ಮೀಟರ್, ನೀಲಿಗಿಂತ 2 ಮೀಟರ್ ಹೆಚ್ಚು. ನೀಲಿ ಎಷ್ಟು? 3 ಮೀಟರ್ ಎಂದು ಯಾರು ಬೇಕಾದರೂ ಹೇಳುತ್ತಾರೆ. ಏನು ಮಾಡಿದಿರಿ? 5ರಲ್ಲಿ 2 ಕಳೆದಿರಿ. ನಿಜವಾದ ಅಂಕಿಗಳಿಗೂ ಅದನ್ನೇ ಮಾಡಿ. ಜೊತೆಗೆ ಇನ್ನೊಂದು ಲಾಭ, ಉತ್ತರ ಮೂರರ ಆಸುಪಾಸಿನಲ್ಲೇ ಇರಬೇಕು ಎಂಬುದೂ ಗೊತ್ತಾಯಿತು. ಆ ಅಂದಾಜನ್ನು ಪುಟದ ಅಂಚಿನಲ್ಲಿ ಬರೆದಿಡಿ.

ಹಂತ 2: ಯಾವುದರ ಭಾಗ ಎಂದು ಕೇಳಿಕೊಳ್ಳಿ

3/4 ಮೀಟರ್ ಉದ್ದದ ರಿಬ್ಬನ್ ಇದೆ. ಅದರಲ್ಲಿ ಅರ್ಧ ಮೀಟರ್ ಕತ್ತರಿಸಿದರೆ ಉಳಿಯುವುದು 1/4 ಮೀಟರ್. ಅರ್ಧ ಮೀಟರ್ ಬದಲು ಅದರ ಅರ್ಧ, ಅಂದರೆ ಇಡೀ ರಿಬ್ಬನ್ನಿನ ಅರ್ಧ, ಕತ್ತರಿಸಿದರೆ? ಆಗ ಉಳಿಯುವುದು 3/8 ಮೀಟರ್. ‘ಅರ್ಧ ಮೀಟರ್’ ಒಂದು ಅಳತೆ, ಅದನ್ನು ನೇರವಾಗಿ ಕಳೆಯಬಹುದು. ‘ಅದರ ಅರ್ಧ’ ಎಂದರೆ ಮೊದಲು ಗುಣಾಕಾರ ಬೇಕು. ಕೂಡುವ, ಕಳೆಯುವ ಮೊದಲು ಎರಡೂ ಭಿನ್ನರಾಶಿಗಳು ಒಂದೇ ವಸ್ತುವಿನ ಭಾಗವೋ ಅಥವಾ ಒಂದೇ ಅಳತೆಯೋ ಎಂದು ನೋಡಿಕೊಳ್ಳಿ.

ಕೆಲವು ಲೆಕ್ಕಗಳಲ್ಲಿ ಪೂರ್ಣದ ಅಂಕಿಯನ್ನು ಕೊಟ್ಟಿರುವುದೇ ಇಲ್ಲ. ಟ್ಯಾಂಕಿನ 1/3 ಭಾಗ ನೀರಿತ್ತು. ಇನ್ನೂ ಟ್ಯಾಂಕಿನ 2/5 ಭಾಗದಷ್ಟು ನೀರು ಬಿಟ್ಟರು. ತುಂಬಲು ಇನ್ನೆಷ್ಟು ಬೇಕು? ಎಷ್ಟು ಲೀಟರ್ ಟ್ಯಾಂಕ್ ಎಂದು ಹುಡುಕಬೇಡಿ. ಪೂರ್ತಿ ಟ್ಯಾಂಕ್ ಎಂದರೆ 1, ಅಷ್ಟೇ. 1/3 + 2/5 = 5/15 + 6/15 = 11/15. ಪೂರ್ತಿ ಎಂದರೆ 15/15, ಬೇಕಾದದ್ದು 4/15 ಭಾಗ. ಕಾಲು ಭಾಗಕ್ಕಿಂತ ಚೂರು ಜಾಸ್ತಿ.

ಹಂತ 3: ಛೇದ ಒಂದೇ ಮಾಡಿ

ಮೂರನೇ ಒಂದು ಭಾಗ, ಐದನೇ ಒಂದು ಭಾಗ ಒಂದೇ ಗಾತ್ರದ ತುಂಡುಗಳಲ್ಲ. ಗಾತ್ರ ಒಂದಾದ ಮೇಲೆಯೇ ಎಣಿಸಬಹುದು. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಸೇರಿಸಿದರೆ 1/2 + 1/3 ಎಂಬುದು 2/5 ಆಗುತ್ತದೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಆಗಲು ಸಾಧ್ಯವೇ?

ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎಲ್ಲ ಛೇದಗಳಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ತೆಗೆದುಕೊಂಡರೆ ಅಂಕಿಗಳು ಚಿಕ್ಕದಾಗಿರುತ್ತವೆ. ಇದೇನು ಹೊಸ ಉಪಾಯವಲ್ಲ, 9ನೇ ಶತಮಾನದ ಗಣಿತಜ್ಞ ಮಹಾವೀರಾಚಾರ್ಯರೇ ಇದನ್ನು ವಿವರಿಸಿದ್ದಾರೆ. ಲ.ಸಾ.ಅ. ಹೊಳೆಯದಿದ್ದರೆ ಎರಡು ಛೇದಗಳನ್ನು ಗುಣಿಸಿಬಿಡಿ. ಉತ್ತರ ಸರಿಯಾಗಿಯೇ ಬರುತ್ತದೆ, ಕೊನೆಯಲ್ಲಿ ಸಂಕ್ಷೇಪಿಸುವ ಕೆಲಸ ಜಾಸ್ತಿ, ಅಷ್ಟೇ.

ಒಂದು ಮಿಶ್ರ ಭಿನ್ನರಾಶಿ ಕೂಡೋಣ. ಒಂದು ಕೆಲಸಕ್ಕೆ ಬೆಳಿಗ್ಗೆ 2 3/4 ಗಂಟೆ, ಸಂಜೆ 1 5/6 ಗಂಟೆ ಹಿಡಿಯಿತು. ಒಟ್ಟು ಎಷ್ಟು? ಒಂದು ಮೂರಕ್ಕೆ ಹತ್ತಿರ, ಇನ್ನೊಂದು ಎರಡಕ್ಕೆ ಹತ್ತಿರ. ಆದ್ದರಿಂದ ಐದಕ್ಕೆ ಸ್ವಲ್ಪ ಕಮ್ಮಿ.

2 3/4 + 1 5/6 = 2 9/12 + 1 10/12 = 3 19/12

ಇಲ್ಲಿಗೇ ನಿಲ್ಲಿಸಬೇಡಿ. 19/12ರಲ್ಲಿ ಒಂದು ಪೂರ್ಣ ಅಡಗಿದೆ. ಅದನ್ನು 3ಕ್ಕೆ ಸೇರಿಸಿದರೆ 4 7/12 ಗಂಟೆ. ನಂಬಿಕೆ ಬರದಿದ್ದರೆ ಗಡಿಯಾರವನ್ನೇ ಕೇಳಿ. 2 ಗಂಟೆ 45 ನಿಮಿಷಕ್ಕೆ 1 ಗಂಟೆ 50 ನಿಮಿಷ ಸೇರಿಸಿದರೆ 4 ಗಂಟೆ 35 ನಿಮಿಷ. 60 ನಿಮಿಷದ 7/12 ಭಾಗ 35 ನಿಮಿಷವೇ.

ಹಂತ 4: ಕಳೆಯುವಾಗ ಸಾಲ ತೆಗೆದುಕೊಳ್ಳುವುದು

ಈಗ ಹಗ್ಗದ ಲೆಕ್ಕ. ಜಾಸ್ತಿ ತಪ್ಪಾಗುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ.

5 1/4 − 1 2/3 = 5 3/12 − 1 8/12

3ರಲ್ಲಿ 8 ಹೋಗುವುದಿಲ್ಲ. ಕೆಲವರು ಸುಮ್ನೆ ತಿರುಗಿಸಿ 8ರಲ್ಲಿ 3 ಕಳೆದು 4 5/12 ಎಂದು ಬರೆದುಬಿಡುತ್ತಾರೆ. ಇನ್ನು ಕೆಲವರು 5ರಿಂದ ಒಂದನ್ನು ತಂದು 3ನ್ನು 13 ಮಾಡುತ್ತಾರೆ. ಪೂರ್ಣಸಂಖ್ಯೆಗಳಲ್ಲಿ ದಶಕ ತೆಗೆದುಕೊಂಡ ಅಭ್ಯಾಸ ಅದು. ಇಲ್ಲಿ ತಂದದ್ದು ಹತ್ತಲ್ಲ, ಒಂದು ಪೂರ್ಣ. ಹನ್ನೆರಡನೇ ತುಂಡುಗಳಲ್ಲಿ ಒಂದು ಪೂರ್ಣ ಎಂದರೆ 12/12. ಆದ್ದರಿಂದ 3ಕ್ಕೆ 12 ಸೇರಿ 15 ಆಗುತ್ತದೆ.

4 15/12 − 1 8/12 = 3 7/12

ನೀಲಿ ಹಗ್ಗ 3 7/12 ಮೀಟರ್. ಅಂಚಿನಲ್ಲಿ ಬರೆದಿಟ್ಟ ಮೂರಕ್ಕೆ ಹತ್ತಿರವೇ ಇದೆ, ಅಲ್ವಾ? ತಾಳೆ ನೋಡಬೇಕಾದರೆ ಉತ್ತರಕ್ಕೆ 1 8/12 ಕೂಡಿ, 5 3/12 ವಾಪಸ್ ಬರಬೇಕು.

ಸಾಲದ ರಗಳೆಯೇ ಬೇಡ ಎನ್ನುವವರು ಎರಡನ್ನೂ ವಿಷಮ ಭಿನ್ನರಾಶಿ (ಅಂಶವೇ ಛೇದಕ್ಕಿಂತ ದೊಡ್ಡದಾಗಿರುವುದು) ಮಾಡಿಕೊಳ್ಳಬಹುದು: 63/12 − 20/12 = 43/12. ಪೂರ್ಣಸಂಖ್ಯೆ ದೊಡ್ಡದಿದ್ದರೆ ಗುಣಾಕಾರ ಉದ್ದವಾಗುತ್ತದೆ.

ನನಗೆ ಇಷ್ಟವಾದ ದಾರಿ ಬೇರೆ. ಚಿಕ್ಕದರಿಂದ ದೊಡ್ಡದಕ್ಕೆ ಹತ್ತುತ್ತಾ ಹೋಗಿ. 1 2/3ರಿಂದ 2ಕ್ಕೆ ಬೇಕಾದದ್ದು 1/3. 2ರಿಂದ 5ಕ್ಕೆ 3. ಅಲ್ಲಿಂದ 5 1/4ಕ್ಕೆ 1/4. ಮೂರನ್ನೂ ಸೇರಿಸಿದರೆ 3 7/12. ಸಾಲವೂ ಇಲ್ಲ, ದೊಡ್ಡ ಗುಣಾಕಾರವೂ ಇಲ್ಲ.

ಕೊನೆಗೆ ಅಂಶ, ಛೇದ ಎರಡನ್ನೂ ಭಾಗಿಸುವ ಸಂಖ್ಯೆ ಇದ್ದರೆ ಸಂಕ್ಷೇಪಿಸಿ, ಮೀಟರೋ ಗಂಟೆಯೋ ಎಂದು ಬರೆಯಿರಿ.

ನೀವೇ ಮಾಡಿ ನೋಡಿ

4 ಮೀಟರ್ ಉದ್ದದ ಹಲಗೆಯಿಂದ 1 3/8 ಮೀಟರಿನ ಒಂದು ತುಂಡು, 1 5/6 ಮೀಟರಿನ ಇನ್ನೊಂದು ತುಂಡು ಕತ್ತರಿಸಿದರು. ಉಳಿದದ್ದೆಷ್ಟು? (ಗರಗಸದ ಹೊಟ್ಟಾಗಿ ಹೋಗುವ ಚೂರನ್ನು ಲೆಕ್ಕಕ್ಕೆ ಹಿಡಿಯಬೇಡಿ.)

ಸರಿಯಾದ ಉತ್ತರ 19/24 ಮೀಟರ್. 1 5/24 ಬಂದಿದ್ದರೆ, 4ರಲ್ಲಿ 3 ಕಳೆದು 5/24ನ್ನು ಹಾಗೇ ಇಳಿಸಿಕೊಂಡಿದ್ದೀರಿ, ನಾಲ್ಕನೇ ಹಂತ ಮತ್ತೊಮ್ಮೆ ನೋಡಿ. 1 3/7 ಬಂದಿದ್ದರೆ ಛೇದಗಳನ್ನೂ ಕೂಡಿದ್ದೀರಿ, ಮೂರನೆಯದಕ್ಕೆ ಹೋಗಿ.