ಸವಳು ನೀರು, ಎರಿ ಧೂಳು, ಕಾರಿನ ಬಿಸಿ

ವಿಜಯಪುರದಲ್ಲಿ ಗಾಡಿ ಬಿಸಿಯಾದರೆ ಎಲ್ಲರೂ ಬಿಸಿಲನ್ನೇ ಬೈಯುತ್ತಾರೆ. ನಾನು ಮೊದಲು ನೋಡುವುದು ರೇಡಿಯೇಟರಿಗೆ ಯಾವ ನೀರು ಹಾಕಿದ್ದಾರೆ ಎಂಬುದನ್ನು. ಚಹಾದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಬೋರಿನ ಸವಳು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದನ್ನೇ ಮಾಡುತ್ತದೆ.

ಕ್ಯಾಪ್ ಬಿಚ್ಚುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ. ಹಳೆಯ ಕೂಲಂಟನ್ನು, ಅಂದರೆ ಎಂಜಿನ್ ತಣಿಸುವ ನೀರಿಗೆ ಬೆರೆಸುವ ದ್ರವವನ್ನು, ಡಬ್ಬಿಗೆ ಹಿಡಿಯುತ್ತೇನೆ. ಅದು ಸಿಹಿ, ಆದರೆ ವಿಷ. ನಾಯಿ, ಕರು ನೆಕ್ಕಿದರೆ ಉಳಿಯುವುದು ಕಷ್ಟ. ಆಮೇಲೆ ಫಿಲ್ಟರ್ ನೀರು ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರಿನ ಎರಡೂ ಪೈಪು ಬಿಸಿಯಾಗುವವರೆಗೆ ಎಂಜಿನ್ ಓಡಿಸಿ, ಆರಿಸಿ, ತಣಿದ ಮೇಲೆ ಖಾಲಿ ಮಾಡುತ್ತೇನೆ. ನೀರು ತಿಳಿಯಾಗುವ ತನಕ ಇದೇ ಕೆಲಸ, ಎರಡು-ಮೂರು ಸಲ.

ಎಷ್ಟೇ ಬಸಿದರೂ ಎಂಜಿನ್ ಬ್ಲಾಕಿನಲ್ಲಿ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಹೀಗಾಗಿ ಮೊದಲೇ ಬೆರೆಸಿ ಸುರಿದರೆ ಲೆಕ್ಕ ತಪ್ಪುತ್ತದೆ. 5 ಲೀಟರ್ ಹಿಡಿಯುವ ಎಂಜಿನ್ನಿಗೆ ಮೊದಲು 2 ಲೀಟರ್ ನೀರು ಬೆರೆಸದ ಗಟ್ಟಿ ಕೂಲಂಟ್, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಹಿಮ ಬೀಳದ ನಮ್ಮ ಊರಿಗೆ ನೂರಕ್ಕೆ 40 ಪಾಲು ಕೂಲಂಟ್ ಸಾಕು. ಹೆಚ್ಚು ಹಾಕಿದರೆ ತಂಪು ಹೆಚ್ಚುವುದಿಲ್ಲ. ಶಾಖ ಹೊರುವ ಶಕ್ತಿ ಹೆಚ್ಚಿರುವುದು ನೀರಿಗೇ, ಕೂಲಂಟಿನ ಮುಖ್ಯ ಕೆಲಸ ಇಲ್ಲಿ ತುಕ್ಕು ತಡೆಯುವುದು. ಕ್ಯಾಪ್ ಹಾಕದೆ ಎಂಜಿನ್ ಓಡಿಸಿ, ಗುಳ್ಳೆ ನಿಂತ ಮೇಲೆ ಕೊರತೆ ತುಂಬಬೇಕು. ಗಾಳಿ ಒಳಗೇ ಉಳಿದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಕಾಯುತ್ತದೆ, ಮೀಟರಿನ ಮುಳ್ಳು ಸುಮ್ಮನಿರುತ್ತದೆ.

ಕ್ಯಾಪನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಸುಮಾರು 600 ಮೀಟರ್ ಎತ್ತರದ ಈ ಊರಲ್ಲಿ ಸಾದಾ ನೀರು 98 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡದ ಕ್ಯಾಪ್ ಅದನ್ನು 118ರ ಆಸುಪಾಸಿಗೆ ಏರಿಸುತ್ತದೆ. ರಬ್ಬರ್ ಸೀಳಿದ್ದರೆ ಆ ಲಾಭವೆಲ್ಲ ಹೋಯಿತು. ಬೇಸಿಗೆಗೆಂದು, ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಕಿತ್ತೆಸೆಯುವ ಮಿಸ್ತ್ರಿಗಳಿದ್ದಾರೆ. ಕೆಲವು ಎಂಜಿನ್ನುಗಳಲ್ಲಿ ಆಗ ಬೈಪಾಸ್ ಎಂಬ ಅಡ್ಡದಾರಿ ತೆರೆದೇ ಉಳಿದು, ನೀರು ರೇಡಿಯೇಟರಿಗೆ ಹೋಗದೆ ಅಲ್ಲೇ ಸುತ್ತುತ್ತದೆ.

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಂಥ, ನೀರಿಲ್ಲದೆ ಗಾಳಿಯಿಂದಲೇ ತಣಿಯುವ ಏರ್ ಕೂಲ್ಡ್ ಕಾರಿಗೆ ಈ ಯಾವ ರಗಳೆಯೂ ಇಲ್ಲ, ಆದರೆ ಎರಿ ಮಣ್ಣಿನ ಧೂಳು ಬಿಡುವುದಿಲ್ಲ. ಸೋರಿದ ಆಯಿಲ್ ಜೊತೆ ಸೇರಿ, ಸಿಲಿಂಡರಿನ ಶಾಖ ಬಿಡುವ ತೆಳು ಪಟ್ಟಿಗಳಾದ ಫಿನ್‌ಗಳ ನಡುವೆ ಕಂಬಳಿ ಹೊದಿಸಿದಂತೆ ಕೂರುತ್ತದೆ. ಡೀಸೆಲ್ ಹಚ್ಚಿ ಬ್ರಷ್‌ನಿಂದ ತಿಕ್ಕಿ, ಪೂರ್ತಿ ಒಣಗಿಸಿದ ಮೇಲೆಯೇ ಸ್ಟಾರ್ಟ್ ಮಾಡಬೇಕು. ಸುತ್ತಲಿನ ತಗಡಿನ ಕವಚ ಮಾತ್ರ ಒಂದು ಸ್ಕ್ರೂ ಬಿಡದಂತೆ ಮರಳಿ ಕೂರಿಸುತ್ತೇನೆ. ಅದನ್ನು ತೆಗೆದರೆ ಗಾಳಿ ಚೆನ್ನಾಗಿ ಆಡುತ್ತದೆ ಎಂಬುದು ತಪ್ಪು ತಿಳಿವಳಿಕೆ: ಫ್ಯಾನಿನ ಗಾಳಿ ಹೊರಗೇ ಚೆಲ್ಲಿಹೋಗಿ ಫಿನ್‌ಗಳ ತನಕ ಮುಟ್ಟುವುದೇ ಇಲ್ಲ. ಹಳೆಯ ಬೀಟಲ್‌ನಲ್ಲಿ ಆಯಿಲ್ ಕೂಲರ್ ಅಡ್ಡವಿರುವುದರಿಂದ ಮೂರನೇ ಸಿಲಿಂಡರಿಗೆ ಮೊದಲೇ ಗಾಳಿ ಕಡಿಮೆ; ಅಲ್ಲಿನ ಎಕ್ಸಾಸ್ಟ್ ವಾಲ್ವೇ ಮೊದಲು ಸುಡುತ್ತದೆ.