ಕಬ್ಬಿಣದ ಮಾತ್ರೆ ಮತ್ತು ಕಾಫಿ ಲೋಟ

ಮೂರು ತಿಂಗಳು ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 9 ದಾಟಲಿಲ್ಲವೆಂದು ಬಸುರಿ ನಾದಿನಿ ಗೊಣಗುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಮನೆಯಲ್ಲಿದ್ದೆ. ದೋಸೆ ತಿಂದಳು, ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೇ ಬಾಯಿಗೆ ಹಾಕಿಕೊಂಡು ಮೇಲೊಂದು ಲೋಟ ಕಾಫಿ ಕುಡಿದಳು. ಇನ್ನೇನು ಹೇಳುವುದು!

ಮೊದಲು ರಕ್ತ ಪರೀಕ್ಷೆ. ಸುಸ್ತೆಂದು ನೀವೇ ಅಂಗಡಿಯಿಂದ ತರಬೇಡಿ.

ಎರಡನೆಯದು, ಮಾತ್ರೆ ಡಬ್ಬಿಯ ಮೇಲಿನ ಚೀಟಿ ಓದುವುದು. 'ಎಲಿಮೆಂಟಲ್ ಐರನ್', ಅಂದರೆ ಮಾತ್ರೆಯಲ್ಲಿರುವ ನಿಜವಾದ ಕಬ್ಬಿಣ, ಎಷ್ಟಿದೆ ಎಂಬುದೇ ಲೆಕ್ಕ. ಆಶಾ ಕಾರ್ಯಕರ್ತೆ ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಪುಕ್ಕಟೆ ಸಿಗುವುದೆಂದು ಅದನ್ನು ಡಬ್ಬಿಯಲ್ಲಿ ಕೂಡಿಟ್ಟು, ಚಂದದ ಬಾಟಲಿಯ ಟಾನಿಕ್ಕಿಗೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಸಿಟ್ಟು.

ಇನ್ನು ಎಲ್ಲರೂ ಎಡವುವ ಜಾಗ: ಹೊತ್ತು. ಕಾಫಿ, ಟೀಯಲ್ಲಿರುವ ಪಾಲಿಫಿನಾಲುಗಳು ಕರುಳಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಹಾಲು, ಕ್ಯಾಲ್ಸಿಯಂ ಮಾತ್ರೆ, ಎದೆಯುರಿಯ ಆಂಟಾಸಿಡ್ಡು ಕೂಡ ಅಡ್ಡಗಾಲು ಹಾಕುತ್ತವೆ. ರಾಗಿ ಅಂಬಲಿ ಒಳ್ಳೆಯದೇ, ಆದರೆ ಅದರಲ್ಲಿರುವ, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಎಂಬ ಅಂಶದಿಂದಾಗಿ ಈ ಮಾತ್ರೆಗೆ ಜೊತೆಯಲ್ಲ. ಆದ್ದರಿಂದ ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ನಂತರ ನುಂಗಿ. ಕ್ಯಾಲ್ಸಿಯಂಗೂ ಇದಕ್ಕೂ ಎರಡು ಗಂಟೆಯಾದರೂ ಅಂತರವಿರಲಿ. ಥೈರಾಯ್ಡ್ ಮಾತ್ರೆಯಾದರೆ ನಾಲ್ಕು ಗಂಟೆ. ನನ್ನ ಮಟ್ಟಿಗೆ ಬೆಳಿಗ್ಗೆ ಹನ್ನೊಂದು ಗಂಟೆಯೇ ಸರಿ. ತಿಂಡಿ ಕರಗಿರುತ್ತದೆ, ಊಟ ಇನ್ನೂ ದೂರ. ಆ ಹೊತ್ತಿನ ಕಾಫಿ ಬಿಡಬೇಕು, ಅಷ್ಟೇ. ನೀರಿನ ಬದಲು ನಿಂಬೆ ಪಾನಕದೊಂದಿಗೆ ನುಂಗಿದರೆ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ. ಪಾನಕದ ಪುಡಿ ಬೇಡ, ಹಣ್ಣನ್ನೇ ಹಿಂಡಿ. ರಾತ್ರಿ ನುಂಗುವವರು ತಕ್ಷಣ ಮಲಗಬೇಡಿ, ಅನ್ನನಾಳ ಉರಿದೀತು.

ಹೊಟ್ಟೆ ತೊಳೆಸಿದರೆ? ಊಟವಾದ ಮೇಲೆ ತೆಗೆದುಕೊಳ್ಳಿ. ಹೀರುವುದು ಕಡಿಮೆಯಾದರೂ ಬಿಟ್ಟುಬಿಡುವುದಕ್ಕಿಂತ ವಾಸಿ. ದಿನ ಬಿಟ್ಟು ದಿನ ಸಾಕೇ ಎಂದು ವೈದ್ಯರನ್ನು ಕೇಳಬಹುದು. ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬೇಡಿ. ಸಿರಪ್ಪಾದರೆ ಸ್ಟ್ರಾದಲ್ಲಿ ಕುಡಿದು ಬಾಯಿ ಮುಕ್ಕಳಿಸಿ, ಇಲ್ಲವಾದರೆ ಹಲ್ಲು ಕಪ್ಪಿಡುತ್ತದೆ.

ಹಿಮೋಗ್ಲೋಬಿನ್ ಸರಿಹೋದ ಕೂಡಲೇ ಹಲವರು ನಿಲ್ಲಿಸುತ್ತಾರೆ. ದೇಹದ ಕಬ್ಬಿಣದ ಉಗ್ರಾಣ ತುಂಬಲು ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಬೇಕು.

ಡಬ್ಬಿಯನ್ನು ಅಟ್ಟದ ಮೇಲಿಡಿ. ಕೆಂಪು ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರ್‌ಮೆಂಟಿನಂತೆ ಕಾಣುತ್ತದೆ. ಒಂದು ಹಿಡಿ ನುಂಗಿದರೆ ಜೀವಕ್ಕೇ ಕುತ್ತು. ಹಾಗಾದರೆ ಮನೆಮದ್ದು ಹುಡುಕದೆ, ಮಾತ್ರೆಯ ಖಾಲಿ ಪಟ್ಟಿಯನ್ನೂ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.